ಮುದ್ದೆ, ಹಿತಕಿದ ಬೇಳೆ, ಹೆಸರಿಲ್ಲದ ಊರುಗಳ ಕೆಂಪು ವೈನ್

ಶುಕ್ರವಾರ

ಹೊರಡುವ ಮೊದಲೇ ಕಟ್ಟುಪಾಡು ಹಾಕಿಕೊಂಡಿದ್ದೆವು. ಬೆಂಗಳೂರಿನಲ್ಲಿ ಕೊಂಡ ಬಾಟಲಿ ಎರಡು ಸಾವಿರ ರೂಪಾಯಿ ದಾಟಬಾರದು. ಹೊರದೇಶದಿಂದ ತಂದದ್ದಾದರೆ ಅಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಎಂಟು ಯೂರೊ ಮೀರಿರಬಾರದು. ಜೊತೆಗೆ ಲೇಬಲ್ಲಿನ ಮೇಲೆ ಬೋರ್ಡೊ, ಬರ್ಗಂಡಿ, ಬರೋಲೊ, ರಿಯೋಹಾ ಇಂಥ ದೊಡ್ಡ ಮನೆತನದ ಹೆಸರು ಇರಕೂಡದು. ಆ ಊರುಗಳ ವೈನ್ ಕೆಟ್ಟದ್ದು ಅಂತಲ್ಲ. ಆ ಹೆಸರಿನ ಅಗ್ಗದ ಬಾಟಲಿ ಕೊಂಡರೆ ದುಡ್ಡಿನ ಬಹುಪಾಲು ಹೆಸರಿಗೇ ಸಲ್ಲುತ್ತದೆ, ಒಳಗಿರುವ ದ್ರಾಕ್ಷಿಗೆ ಉಳಿಯುವುದು ಚಿಲ್ಲರೆ. ಅಷ್ಟೇ ದುಡ್ಡಿಗೆ ಯಾರೂ ಕೇಳದ ಊರಿನವನು ತನ್ನ ಒಳ್ಳೆಯ ಹಣ್ಣನ್ನೇ ಹಿಂಡಿ ಕೊಡುತ್ತಾನೆ.

ಗಾಡಿಯಲ್ಲಿ ಇದ್ದವರು ನಾನು, ಸಂಕ್ರಾಂತಿಗೆಂದು ರಜೆ ಹಾಕಿ ಬಂದಿದ್ದ ಫ್ರಾಂಕ್‌ಫರ್ಟಿನ ಗೆಳೆಯ, ನಮ್ಮಿಬ್ಬರಿಗೂ ಪಿಯುಸಿಯಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟ ಮೇಷ್ಟ್ರು. ರಿಟೈರಾದ ಮೇಲೆ ಮೇಷ್ಟ್ರು ವೈನಿನ ಹುಚ್ಚು ಹತ್ತಿಸಿಕೊಂಡಿದ್ದಾರೆ. ಕುಡಿಯುವುದು ಎರಡು ಗುಟುಕು, ಮಾತು ಎರಡು ಗಂಟೆ. ಹೊರಟಿದ್ದು ಚಿಕ್ಕಬಳ್ಳಾಪುರ ತಾಲ್ಲೂಕಿನ ನಂದಿ ಬೆಟ್ಟದ ಬುಡದಲ್ಲಿರುವ ನಮ್ಮಕ್ಕನ ಮನೆಗೆ. ಭಾವನದು ದ್ರಾಕ್ಷಿ ತೋಟ. ಅವರಿಗೆ ವೈನ್ ಅಂದರೆ ಅಷ್ಟಕ್ಕಷ್ಟೇ, ಆದರೆ ದ್ರಾಕ್ಷಿಯ ವಿಷಯದಲ್ಲಿ ನಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿ ಪಾಠ ಮಾಡಬಲ್ಲರು.

ಡಿಕ್ಕಿಯಲ್ಲಿದ್ದ ಬಾಟಲಿಗಳ ಕಥೆ ಸ್ವಲ್ಪ ಹೇಳಬೇಕು. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದದ್ದು ಎರಡು ಲೀಟರ್ ಮದ್ಯ, ಅಂದರೆ ಮಾಮೂಲಿ ಅಳತೆಯ ಎರಡು ವೈನ್ ಬಾಟಲಿ. ಗೆಳೆಯ ತಂದದ್ದು ಪೋರ್ಚುಗಲ್ಲಿನ ದಾವ್ ಸೀಮೆಯದೊಂದು, ಸ್ಪೇನಿನ ಹುಮಿಯಾದ್ದೊಂದು. ಅಕ್ಕನ ಮೈದುನನ ಮಗಳು ಜಾರ್ಜಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಅವಳನ್ನು ನೋಡಲು ಹೋಗಿದ್ದ ಅವಳಪ್ಪ ಅಲ್ಲಿಂದ ಸಪೆರಾವಿ ದ್ರಾಕ್ಷಿಯ ಬಾಟಲಿ ತಂದು, ಏನು ಮಾಡುವುದೆಂದು ತಿಳಿಯದೆ ಬೀರುವಿನಲ್ಲಿ ಇಟ್ಟಿದ್ದರು. ನಾನು ಬೆಂಗಳೂರಿನಲ್ಲಿ ಕೊಂಡದ್ದು ಇಟಲಿಯ ಅಬ್ರುಜ್ಜೊ ಸೀಮೆಯ ಮಾಂಟೆಪುಲ್ಚಾನೊ, ಮತ್ತೆ ನಮ್ಮದೇ ನಂದಿ ತಪ್ಪಲಿನ ಒಂದು ಕ್ಯಾಬರ್ನೆ-ಶಿರಾಜ್, ಆ ಹೆಸರಿನ ಎರಡು ದ್ರಾಕ್ಷಿಗಳ ಮಿಶ್ರಣ.

ಅಬ್ರುಜ್ಜೊದ ಬಾಟಲಿ ನಮ್ಮ ಗೆರೆಯೊಳಗೆ ಬಿದ್ದದ್ದೇ ಹೆಚ್ಚು. ಇಟಲಿಯ ಅಂಗಡಿಯಲ್ಲಿ ಐದಾರು ಯೂರೊಗೆ ಸಿಗುವ ಮಾಲು ಇಲ್ಲಿ ಮೂರು ಪಟ್ಟಾಗುತ್ತದೆ. ಹೊರದೇಶದ ವೈನಿಗೆ ನಮ್ಮಲ್ಲಿ ಬಹುಕಾಲ ಇದ್ದದ್ದು ಶೇ 150ರ ಮೂಲ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ, ಆಮೇಲೆ ಆಮದುಗಾರನ ಲಾಭ, ಅಂಗಡಿಯವನ ಲಾಭ. ಆಸ್ಟ್ರೇಲಿಯಾದ ಜೊತೆಗಿನ ಒಪ್ಪಂದ 2022ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದಾಗ ಐದರಿಂದ ಹದಿನೈದು ಡಾಲರಿನ ಬಾಟಲಿಗೆ ಸುಂಕ ಶೇ 100ಕ್ಕೆ ಇಳಿಯಿತು. ಐದು ಡಾಲರಿಗಿಂತ ಕೆಳಗಿನದಕ್ಕೆ ಏನೂ ಇಳಿಯಲಿಲ್ಲ. ಅಗ್ಗದ ವೈನ್ ಹುಡುಕುವ ನಮ್ಮಂಥವರನ್ನು ಮರೆತೇ ಸಹಿ ಹಾಕಿದರು ಅಂತ ಮೇಷ್ಟ್ರು ದೇವನಹಳ್ಳಿ ದಾಟುವವರೆಗೂ ಗೊಣಗಿದರು.

ಊಟಕ್ಕೆ ಹಿತಕಿದ ಬೇಳೆ ಸಾರು, ಮುದ್ದೆ. ಜನವರಿಯಲ್ಲಿ ಈ ಕಡೆ ಬಂದು ಅವರೆ ತಿನ್ನದೆ ಹೋದವನು ಬಂದಂತೆಯೇ ಅಲ್ಲ. ಅವರೆಕಾಳನ್ನು ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಒಂದೊಂದನ್ನೂ ಹೆಬ್ಬೆರಳಿನಿಂದ ಹಿತುಕಿ, ಸಿಪ್ಪೆ ಒಂದು ಕಡೆ ಬೇಳೆ ಒಂದು ಕಡೆ ಹಾಕುವ ಕೆಲಸ ಬೆಳಗಿನಿಂದ ಅಕ್ಕನಿಗೂ ಅತ್ತೆಗೂ ಹಿಡಿದಿತ್ತು. ಅಡುಗೆಮನೆಯೊಳಗೆ ಬಾಟಲಿ ಬರಕೂಡದು ಅಂತ ಅತ್ತೆಯ ಕಟ್ಟಪ್ಪಣೆ. ಹಾಗಾಗಿ ಚಾಪೆ ಜಗಲಿಗೆ ಬಂತು, ಎಲೆ ಜಗಲಿಗೆ ಬಂತು, ಗ್ಲಾಸೂ ಅಲ್ಲಿಗೇ.

ಅಬ್ರುಜ್ಜೊದ್ದನ್ನು ಮೊದಲು ತೆರೆದೆವು. ಟಸ್ಕನಿಯಲ್ಲಿ ಮಾಂಟೆಪುಲ್ಚಾನೊ ಎಂಬ ಊರಿದೆ, ಅಲ್ಲಿನ ದುಬಾರಿ ವೈನಿಗೂ ಇದಕ್ಕೂ ನಂಟಿಲ್ಲ. ಅದು ಸಾಂಜಿಯೊವೆಸೆ ದ್ರಾಕ್ಷಿಯದು, ಇಲ್ಲಿ ಮಾಂಟೆಪುಲ್ಚಾನೊ ಎಂಬುದು ದ್ರಾಕ್ಷಿಯದೇ ಹೆಸರು. ಬಣ್ಣ ಗಾಢ, ಮೂಗಿಗೆ ಹುಳಿಮಿಶ್ರಿತ ಕೆಂಪು ಹಣ್ಣು, ನಾಲಿಗೆಗೆ ಒಗರು ಕಡಿಮೆ. ಬರಿಬಾಯಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ ಅಂತ ಗೆಳೆಯ ತಳ್ಳಿಹಾಕಿದ. ಮುದ್ದೆಯ ಎರಡು ತುತ್ತು ಸಾರಿನಲ್ಲಿ ಅದ್ದಿ ನುಂಗಿ, ಮತ್ತೆ ಗುಟುಕರಿಸಿದ. ಈ ಸಲ ಏನೂ ಮಾತಾಡಲಿಲ್ಲ, ಗ್ಲಾಸು ಮುಂದೆ ಮಾಡಿದ.

ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ಮೆಣಸಿನಕಾಯಿಯ ಖಾರ ನಾಲಿಗೆಯ ರುಚಿಯಲ್ಲ, ಉರಿ. ಬಿಸಿ ತಗುಲಿದಾಗ ಮಿದುಳಿಗೆ ಸುದ್ದಿ ಮುಟ್ಟಿಸುವ ನರಗಳನ್ನೇ ಕ್ಯಾಪ್ಸೈಸಿನ್ ಕೆಣಕುತ್ತದೆ, ಆಲ್ಕೊಹಾಲೂ ಕೆಣಕುವುದು ಆ ನರಗಳನ್ನೇ. ಎರಡೂ ಸೇರಿದರೆ ಉರಿ ಇಮ್ಮಡಿ. ಒಗರು ಕೂಡಿಕೊಂಡರೆ ಬಾಯೆಲ್ಲ ಒಣಗಿ ತರಿತರಿ. ಆದ್ದರಿಂದ ನಮ್ಮ ಸಾರಿಗೆ ಕೂತುಕೊಳ್ಳುವ ಕೆಂಪು ವೈನ್ ಅಂದರೆ ಆಲ್ಕೊಹಾಲು ಮಿತವಾಗಿರಬೇಕು, ಒಗರು ತಗ್ಗಿರಬೇಕು, ಹುಳಿ ಚುರುಕಾಗಿರಬೇಕು. ಈ ಬಾಟಲಿಯ ಮೇಲೆ ಇದ್ದದ್ದು ಶೇ 13. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಮೇಷ್ಟ್ರ ಮುದ್ದೆ ಆರಿ ಗಟ್ಟಿಯಾಗಿತ್ತು.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ವೈನನ್ನು ನುಂಗುವ ಮೊದಲು ಬಾಯಲ್ಲಿ ಆಡಿಸಬೇಕು ಅನ್ನುತ್ತಾರೆ. ಇವೆರಡನ್ನೂ ಒಂದೇ ಊಟದಲ್ಲಿ ಹೊಂದಿಸುವುದು ಸುಲಭವಲ್ಲ. ನನಗೆ ಸರಿಕಂಡ ದಾರಿ: ಮೂರ್ನಾಲ್ಕು ತುತ್ತು ಇಳಿಯಲಿ, ಸಾರಿನಲ್ಲಿರುವ ಬೇಳೆಯನ್ನು ಬೇರೆಯಾಗಿ ತೆಗೆದು ಅಗಿಯಿರಿ, ಆಗ ಗುಟುಕು ತೆಗೆದುಕೊಳ್ಳಿ. ಹಿತಕಿದ ಬೇಳೆಯ ಜಿಡ್ಡು, ತೆಂಗಿನಕಾಯಿಯ ಸಿಹಿ ವೈನಿನ ಹುಳಿಗೆ ಸಿಕ್ಕಿ ಎರಡಕ್ಕೂ ಕಳೆ ಬರುತ್ತದೆ.

ಶನಿವಾರ

ಬೆಳಗ್ಗೆ ಚಳಿ. ಬೆಟ್ಟದ ಕಡೆಗೆ ನೋಡಿದರೆ ಮಂಜು, ರಸ್ತೆಯ ಕಡೆಗೆ ನೋಡಿದರೆ ಬೆಂಗಳೂರಿನಿಂದ ಸೂರ್ಯೋದಯ ನೋಡಲು ಬಂದ ಗಾಡಿಗಳ ಸಾಲು. ಬೆಟ್ಟ ಹತ್ತುವ ಗೋಜಿಗೆ ಹೋಗದೆ ನಾವು ದೊಡ್ಡಬಳ್ಳಾಪುರದ ಕಡೆ ತಿರುಗಿದೆವು. ಅಲ್ಲಿನ ರಘುನಾಥಪುರದಲ್ಲಿದೆ ಗ್ರೋವರ್ ಜಂಪಾ ವೈನರಿ. ಜಿಲ್ಲೆ ಬೆಂಗಳೂರು ಗ್ರಾಮಾಂತರ ಆದರೂ ಬೆಟ್ಟ ಅದೇ, ಮಣ್ಣು ಅದೇ.

ಕನ್ವಲ್ ಗ್ರೋವರ್ ಇಲ್ಲಿ ಫ್ರಾನ್ಸಿನ ತಳಿಗಳನ್ನು ನೆಡಲು ಹೊರಟದ್ದು 1988ರಲ್ಲಿ, ಮೊದಲ ವೈನ್ ಹೊರಬಂದದ್ದು 1992ರಲ್ಲಿ. ಆಮೇಲೆ ಬೋರ್ಡೊದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಊರೂರಿಗೆ ವಿಮಾನ ಹತ್ತಿ ಹೋಗಿ ವೈನ್ ತಿದ್ದುವವರಲ್ಲಿ ಆಗ ಅವರದೇ ದೊಡ್ಡ ಹೆಸರು. 2012ರಲ್ಲಿ ನಾಸಿಕದ ಕಂಪನಿಯೊಂದರ ಜೊತೆ ಕೂಡಿದಾಗ ಜಂಪಾ ಎಂಬ ಬಾಲ ಸೇರಿತು. ಅಂಗೂರಕ್ಕೂ ನಂದಿ ಬೆಟ್ಟಕ್ಕೂ ಏನು ಸಂಬಂಧ ಅಂದರೆ ಉತ್ತರ ಎತ್ತರದಲ್ಲಿದೆ. ಬೆಟ್ಟದ ನೆತ್ತಿ 1,478 ಮೀಟರ್, ಬುಡದ ತೋಟಗಳು ಸುಮಾರು 900 ಮೀಟರ್. ಹಗಲಿಗೆ ಬಿಸಿಲು, ರಾತ್ರಿಗೆ ತಂಪು. ರಾತ್ರಿ ತಂಪಾದರೆ ಹಣ್ಣಿನ ಹುಳಿ ಬೇಗ ಕರಗುವುದಿಲ್ಲ. ಹುಳಿ ಕರಗಿದ ಹಣ್ಣಿನ ವೈನು ಸಪ್ಪೆ.

ಭಾವ ತೋಟದ ಅಂಚಿನಲ್ಲೇ ನಿಂತುಬಿಟ್ಟರು. ಅವರದು ಚಪ್ಪರ, ಕಲ್ಲುಕಂಬದ ಮೇಲೆ ತಂತಿ ಹೆಣೆದು ಬಳ್ಳಿಯನ್ನು ತಲೆಯ ಮೇಲೆ ಹರಡಿಸುವುದು, ಗೊಂಚಲು ಕೆಳಗೆ ಇಳಿಬಿದ್ದಿರುತ್ತದೆ. ಇಲ್ಲಿ ಬೇಲಿ ಹಾಗೆ ಸಾಲು ಸಾಲು, ಎದೆಮಟ್ಟಕ್ಕೆ ತಂತಿ, ಗೊಂಚಲು ಚಿಕ್ಕದು, ಕಾಯಿ ಇನ್ನೂ ಚಿಕ್ಕದು. ಹಸಿರಿನಿಂದ ನೀಲಿಗೆ ತಿರುಗುತ್ತಿದ್ದ ಒಂದು ಗೊಂಚಲನ್ನು ಎತ್ತಿ ನೋಡಿ, "ಇಷ್ಟೇನಾ?" ಅಂದರು. ತೋಟ ತೋರಿಸುತ್ತಿದ್ದ ವೈನರಿಯ ಹುಡುಗ ನಕ್ಕ. ಇಳುವರಿ ಕಮ್ಮಿ ಮಾಡುವುದೇ ಇಲ್ಲಿನ ಕೆಲಸ ಸಾರ್, ಬಳ್ಳಿಯ ಸತ್ವ ಕೆಲವೇ ಗೊಂಚಲಿಗೆ ಸೇರಲಿ ಅಂತ ಉಳಿದದ್ದನ್ನು ಕಿತ್ತು ಹಾಕ್ತೀವಿ ಅಂದ. ಭಾವನಿಗೆ ಅದು ಕಿವಿಯಲ್ಲಿ ಕಾದ ಸೀಸ ಹೊಯ್ದಂತಾಯಿತು. ಸಂಜೆವರೆಗೂ ಅದೇ ಮಾತು: "ಕಿತ್ತು ಹಾಕ್ತಾರಂತೆ!"

ಯುರೋಪಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಿರುತ್ತದೆ. ಹಾಗಾಗಿ ವರ್ಷಕ್ಕೆರಡು ಕಟಿಂಗ್: ಬೇಸಿಗೆಯಲ್ಲಿ ಬಳ್ಳಿಯ ಮೈ ಬೆಳೆಯಲಿ ಅಂತ ಒಂದು, ಮಳೆ ಹಿಂದಾಗುವ ಹೊತ್ತಿಗೆ ಫಸಲಿಗೆಂದು ಇನ್ನೊಂದು. ವೈನ್ ತೋಟದವರು ಒಂದೇ ಫಸಲು ತೆಗೆಯುತ್ತಾರೆ, ಫೆಬ್ರುವರಿ ಮಾರ್ಚಿನಲ್ಲಿ ಕೊಯ್ಲು. ಭಾವ ಬೆಂಗಳೂರು ನೀಲಿ ಎಂಬ ದ್ರಾಕ್ಷಿಯಲ್ಲಿ ಎರಡೂ ಕಟಿಂಗಿಗೆ ಎರಡು ಫಸಲು ಎಳೆಯುತ್ತಾರೆ. ಬಳ್ಳಿಯ ಬುಡಕ್ಕೆ, ಅಂದರೆ ಕಸಿ ಕಟ್ಟುವ ಬೇರಿನ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರ ಮಾತೂ ಒಂದಾಯಿತು. "ರೂಟ್‌ಸ್ಟಾಕ್ ಯಾವುದು?" "ಡಾಗ್‌ರಿಡ್ಜ್ ಸಾರ್." ಭಾವ ತಲೆಯಾಡಿಸಿದರು. ಉಪ್ಪು ನೀರು, ಬರ ಎರಡನ್ನೂ ತಾಳುವ ಬೇರು ಅದು, ಈ ಸೀಮೆಯಲ್ಲಿ ಸಾವಿರ ಅಡಿ ಬೋರ್‌ವೆಲ್ ಕೊರೆದವರಿಗೆಲ್ಲ ಗೊತ್ತು.

ಒಳಗಿನ ಸ್ಟೀಲ್ ಟ್ಯಾಂಕು, 225 ಲೀಟರಿನ ಓಕ್ ಪೀಪಾಯಿ, ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವವರು, ಎಲ್ಲ ಎಲ್ಲ ವೈನರಿಗಳಲ್ಲೂ ಇರುವಂಥದ್ದೇ. ಮಧ್ಯಾಹ್ನ ಅಲ್ಲೇ ಉಂಡು ವಾಪಸಾದೆವು.

ಸಂಜೆ ಪರೀಕ್ಷೆ. ಅಕ್ಕ ಬಾಟಲಿಗಳಿಗೆಲ್ಲ ಹಳೇ ಪೇಪರ್ ಸುತ್ತಿ, ಮೇಲೆ ಸ್ಕೆಚ್ ಪೆನ್ನಿನಲ್ಲಿ ಅ, ಆ, ಇ, ಈ, ಉ ಬರೆದಳು. ಫ್ರಿಜ್ಜಿನಲ್ಲಿ ಹೆಚ್ಚು ಹೊತ್ತು ಇಡುವ ಅಗತ್ಯ ಬೀಳಲಿಲ್ಲ. ಕೆಂಪು ವೈನಿಗೆ ಹದ ಅನ್ನುವುದು 16ರಿಂದ 18 ಡಿಗ್ರಿ, ಜನವರಿ ಸಂಜೆಯ ನಂದಿ ಬುಡ ತಾನಾಗಿಯೇ ಆ ಹದಕ್ಕೆ ಬರುತ್ತದೆ. ಏಪ್ರಿಲ್ಲಿನಲ್ಲಾದರೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೇ ತೆರೆಯಬೇಕು. ಕೆಂಪು ವೈನನ್ನು ಕೋಣೆಯ ಬಿಸುಪಿನಲ್ಲಿ ಕೊಡಬೇಕು ಎಂದು ಬರೆದವರು ನಮ್ಮ ಕೋಣೆಗಳನ್ನು ಕಂಡವರಲ್ಲ.

ಮೊದಲ ಸುತ್ತು ಬರಿಬಾಯಿಗೆ, ಜೊತೆಗೆ ನೀರು ಮಾತ್ರ. ಹುಮಿಯಾ ಎಲ್ಲರನ್ನೂ ಗೆದ್ದಿತು. ಸ್ಪೇನಿನ ಆಗ್ನೇಯ ಮೂಲೆಯ ಒಣನಾಡು ಅದು. ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ, ಚಿಕ್ಕಬಳ್ಳಾಪುರದ ಅರ್ಧವೂ ಇಲ್ಲ. ದ್ರಾಕ್ಷಿಯ ಹೆಸರು ಮೊನಾಸ್ಟ್ರೆಲ್, ಫ್ರಾನ್ಸಿನಲ್ಲಿ ಮೂರ್ವೆದ್ರ್ ಅನ್ನುತ್ತಾರೆ. ತಂತಿಯಿಲ್ಲ, ಚಪ್ಪರವಿಲ್ಲ, ಪೊದೆಯಂತೆ ಮೋಟಾಗಿ ಬೆಳೆಸಿ ಒಂದರಿಂದ ಒಂದನ್ನು ದೂರ ನೆಡುತ್ತಾರೆ, ಇದ್ದ ತೇವವನ್ನು ಬೇರು ಹುಡುಕಿಕೊಳ್ಳಲಿ ಎಂದು. ಅಂಥ ಬಿಸಿಲಲ್ಲಿ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ಸಕ್ಕರೆ ಏರಿದರೆ ಆಲ್ಕೊಹಾಲು ಏರುತ್ತದೆ: ಪೇಪರ್ ಬಿಚ್ಚಿದಾಗ ಶೇ 15. ಕಪ್ಪು ಹಣ್ಣಿನ ಜಾಮಿನ ಘಮ, ತುಂಬು ಮೈ, ಗುಟುಕು ಇಳಿದ ಮೇಲೂ ಬಾಯಲ್ಲಿ ಉಳಿಯುವ ರುಚಿ. ಆರು ಯೂರೊಗೆ ಇದು ಅನ್ಯಾಯದ ಲಾಭ ಅಂದ ಗೆಳೆಯ.

ದಾವ್ ಎರಡನೆಯದು. ಪೋರ್ಚುಗಲ್ಲಿನ ನಡುಮಧ್ಯೆ, ಸುತ್ತ ಬೆಟ್ಟ, ಕೆಳಗೆ ಗ್ರಾನೈಟ್. ತುರೀಗ ನಾಸಿಯೋನಲ್, ಅಲ್ಫ್ರೊಷೇರು, ಜಾಯೆನ್ ಎಂಬ ಮೂರು ದ್ರಾಕ್ಷಿಗಳ ಮಿಶ್ರಣ. ಇದನ್ನು ಜಗತ್ತು ಕಡೆಗಣಿಸಿದ್ದಕ್ಕೆ ಒಂದು ಚರಿತ್ರೆ ಇದೆ. ಸರ್ವಾಧಿಕಾರಿ ಸಲಾಜಾರನ ಆಡಳಿತದಲ್ಲಿ, 1940ರ ದಶಕದಿಂದ, ದಾವ್ ಸೀಮೆಯಲ್ಲಿ ರೈತರ ದ್ರಾಕ್ಷಿ ಕೊಂಡು ವೈನ್ ಮಾಡುವ ಹಕ್ಕು ಹೆಚ್ಚುಕಡಿಮೆ ಸಹಕಾರ ಸಂಘಗಳಿಗೇ ಮೀಸಲಾಗಿತ್ತು. ಪೈಪೋಟಿ ಇಲ್ಲ, ಶುಚಿ ಇಲ್ಲ, ವೈನ್ ಒರಟಾಯಿತು. 1986ರಲ್ಲಿ ಪೋರ್ಚುಗಲ್ ಯುರೋಪಿನ ಒಕ್ಕೂಟಕ್ಕೆ ಸೇರಿದ ಮೇಲೆ ಆ ಕಟ್ಟು ಸಡಿಲಾಗಿ ಸಣ್ಣ ತೋಟದವರು ತಮ್ಮದೇ ಬಾಟಲಿ ತುಂಬಿಸತೊಡಗಿದರು. ಮಾಲು ಸುಧಾರಿಸಿತು, ಹೆಸರು ಮಾತ್ರ ಇನ್ನೂ ಹಳೆಯದೇ. ನಮಗೆ ಲಾಭ ಆಗುವುದು ಇಂಥ ಕಡೆಯೇ.

ನಂದಿಯ ಕ್ಯಾಬರ್ನೆ-ಶಿರಾಜ್ ಬಂದಾಗ ಅದು ನಮ್ಮೂರಿನದು ಎಂದು ಯಾರೂ ಹೇಳಲಿಲ್ಲ. ಗೆಳೆಯ ಚಿಲಿ ಅಂದ, ಮೇಷ್ಟ್ರು ದಕ್ಷಿಣ ಫ್ರಾನ್ಸ್ ಅಂದರು. ಓಕಿನ ಘಮ ನನಗೆ ಒಂದು ಕೈ ಹೆಚ್ಚಾಯಿತು ಅನ್ನಿಸಿತು, ಅಕ್ಕನಿಗೆ ಅದೇ ಹಿಡಿಸಿತು. ಜಗಳ ಇತ್ಯರ್ಥವಾಗಲಿಲ್ಲ.

ಆಮೇಲೆ ಬಂದದ್ದು 'ಊ'. ಐದು ಬಾಟಲಿಗೆ ಆರನೆಯ ಅಕ್ಷರ ಎಲ್ಲಿಂದ ಬಂತು ಅಂತ ಯೋಚಿಸುವಷ್ಟರಲ್ಲಿ ಮೂಗಿಗೆ ಗೊತ್ತಾಯಿತು. ಭಾವ ಪೇಟೆಯಿಂದ ಒಂದು ಸಿಹಿ ಪೋರ್ಟ್ ತರಿಸಿ, ಅಕ್ಕನ ಕೈಲಿ ಅದಕ್ಕೂ ಪೇಪರ್ ಸುತ್ತಿಸಿದ್ದರು. ಬೆಂಗಳೂರು ನೀಲಿಯದು. ಗ್ಲಾಸು ಮೂಗಿನ ಹತ್ತಿರ ತರುವ ಮೊದಲೇ ಭಾವ "ನಮ್ಮ ತೋಟ" ಅಂದರು. ಅಕ್ಕ ನಾಚಿಕೆಯಿಲ್ಲದೆ ಇದಕ್ಕೇ ಮೊದಲ ಸ್ಥಾನ ಕೊಟ್ಟಳು. ಮೇಷ್ಟ್ರು ಮಾತ್ರ ಸುಮ್ಮನಿರದೆ, ಪೋರ್ಟ್ ಅಂದರೆ ಪೋರ್ಚುಗಲ್ಲಿನ ದೋರು ಕಣಿವೆಯದು, 1756ರಲ್ಲೇ ಅದರ ಗಡಿ ಗುರುತು ಮಾಡಿದ್ದರು, ಹುದುಗು ಅರ್ಧದಲ್ಲಿದ್ದಾಗ ದ್ರಾಕ್ಷಿಯ ಸ್ಪಿರಿಟ್ ಹೊಯ್ದು ಸಿಹಿಯನ್ನು ಉಳಿಸುತ್ತಾರೆ, ಆಲ್ಕೊಹಾಲು ಶೇ 20ರ ಹತ್ತಿರ ಎಂದು ಶುರುಮಾಡಿದರು. "ಇರಲಿ ಬಿಡಿ ಮೇಷ್ಟ್ರೇ, ಚೆನ್ನಾಗಿದೆ" ಅಂದಳು ಅಕ್ಕ.

ಎರಡನೇ ಸುತ್ತು ಎಲೆಯ ಮುಂದೆ. ನಾಟಿ ಕೋಳಿ ಸಾರು, ಮುದ್ದೆ. ಖಾರದಲ್ಲಿ ಅತ್ತೆ ಯಾರ ಮುಲಾಜಿಗೂ ಬೀಳುವವರಲ್ಲ. ಬರಿಬಾಯಿಗೆ ಗೆದ್ದಿದ್ದ ಹುಮಿಯಾ ಎರಡೇ ಗುಟುಕಿಗೆ ಕವುಚಿ ಬಿತ್ತು. ಶೇ 15ರ ಆಲ್ಕೊಹಾಲು ಖಾರದ ಮೇಲೆ ಸೀಮೆಎಣ್ಣೆ ಸುರಿದಂತೆ, ಗೆಳೆಯನ ಕಣ್ಣಲ್ಲಿ ನೀರು. ಹಣ್ಣು ಎಲ್ಲಿ ಹೋಯಿತೋ, ಉಳಿದದ್ದು ಉರಿ ಮಾತ್ರ. ನಂದಿಯದೂ ಸ್ವಲ್ಪ ಹಿಂದೆ ಸರಿಯಿತು. ಓಕು ಮತ್ತು ಒಗರು ಸಾರಿನ ಮುಂದೆ ಎದ್ದು ಕಂಡವು. ದಾವ್ ಜಾಗ ಬಿಡಲಿಲ್ಲ. ಶುಕ್ರವಾರ ಉಳಿಸಿದ್ದ ಅಬ್ರುಜ್ಜೊ, ಮೊದಲ ಸುತ್ತಿನಲ್ಲಿ ಕೊನೆಗಿದ್ದದ್ದು, ಈಗ ಮೇಲೆ.

ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುಳು ಇದೇ. ವೈನಿಗೆ ಅಂಕ ಕೊಡುವವರು ಬರಿಬಾಯಿಗೆ ಗುಟುಕರಿಸಿ, ಉಗುಳಿ, ಮುಂದಿನ ಗ್ಲಾಸಿಗೆ ಹೋಗುತ್ತಾರೆ. ಅಲ್ಲಿ ದಪ್ಪ ಮೈ, ಹೆಚ್ಚು ಹಣ್ಣು, ಹೆಚ್ಚು ಆಲ್ಕೊಹಾಲು ಇದ್ದದ್ದೇ ಎದ್ದು ಕಾಣುತ್ತದೆ. ನಾವು ಕುಡಿಯುವುದು ಸಾರಿನ ಜೊತೆ. ಅಂಕ ನೋಡಿ ಕೊಳ್ಳುವ ಬದಲು ಲೇಬಲ್ಲಿನ ಮೂಲೆಯ ಆಲ್ಕೊಹಾಲಿನ ಶೇಕಡಾ ನೋಡಿ ಕೊಂಡರೆ ದುಡ್ಡೂ ಉಳಿದೀತು, ನಾಲಿಗೆಯೂ ಉಳಿದೀತು.

ಭಾನುವಾರ

ಬೆಳಿಗ್ಗೆ ನಂದಿ ಗ್ರಾಮದ ಭೋಗನಂದೀಶ್ವರ. ನೊಳಂಬರ ಕಾಲಕ್ಕೆ, ಒಂಬತ್ತನೇ ಶತಮಾನಕ್ಕೆ ಹೋಗುವ ಗುಡಿ. ಕಲ್ಲಿನ ಕೆಲಸದ ಬಗ್ಗೆ ಬರೆಯಲು ಇದು ಜಾಗವಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆದ್ದು, ಬಿಸಿಲೇರುವ ಮುಂಚೆ ಭಾವನ ತೋಟ ಸೇರಿದೆವು.

ಚಪ್ಪರದ ಕೆಳಗೆ ನೆರಳು, ನೆಲದಲ್ಲಿ ಡ್ರಿಪ್ಪಿನ ಪೈಪು, ತಲೆಗೆ ತಾಗುವ ಗೊಂಚಲು. ಒಂದು ಕಡೆ ದಿಲ್‌ಖುಷ್, ಅನಾಬ್-ಎ-ಶಾಹಿಯಿಂದ ಆರಿಸಿ ತೆಗೆದ ತಳಿ, ಉದ್ದನೆಯ ತೆಳು ಹಸಿರು ಹಣ್ಣು. ಇನ್ನೊಂದು ಕಡೆ ಬೆಂಗಳೂರು ನೀಲಿ, ಮೇಲೆ ಬೂದಿ ಬಳಿದಂಥ ಪುಡಿ. ಈ ಹಣ್ಣಿಗೆ 2013ರಲ್ಲಿ ಜಿಐ, ಅಂದರೆ ಇಂಥ ಸೀಮೆಯದೇ ಬೆಳೆ ಎಂಬ ಸರ್ಕಾರಿ ಗುರುತು ಸಿಕ್ಕಿತು. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರಿನ ಸುತ್ತಮುತ್ತ ಬಿಟ್ಟರೆ ಇದರ ಬೇಸಾಯ ಬೇರೆಡೆ ಕಡಿಮೆ. ಹಣ್ಣನ್ನು ಬಾಯಲ್ಲಿ ಒತ್ತಿದರೆ ತಿರುಳು ಗೋಲಿಯ ಹಾಗೆ ಜಾರಿ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ವೈನಿನ ದ್ರಾಕ್ಷಿಗಳು ಹಾಗಲ್ಲ, ಸಿಪ್ಪೆ ತಿರುಳು ಬಿಡುವುದಿಲ್ಲ.

"ಈ ವಾಸನೆ ಯಾವುದರದ್ದು ಗೊತ್ತಾ?" ಎಂದು ಮೇಷ್ಟ್ರು ಶುರುಮಾಡಿದರು. ಮೀಥೈಲ್ ಆಂಥ್ರನಿಲೇಟ್. ಅಮೆರಿಕದ ಕಾಡುದ್ರಾಕ್ಷಿ ಲಾಬ್ರಸ್ಕಾದ ರಕ್ತ ಇರುವ ತಳಿಗಳಲ್ಲಿ ಇರುತ್ತದೆ, ದ್ರಾಕ್ಷಿ ಪರಿಮಳದ ಸೋಡಾ, ಚ್ಯೂಯಿಂಗ್ ಗಮ್ಮಿಗೆಲ್ಲ ಇದನ್ನೇ ಹಾಕುತ್ತಾರೆ. ಯುರೋಪಿನ ವೈನ್ ಬಲ್ಲವರಿಗೆ ಇದು ಮೂಗಿಗೆ ಹಿಡಿಸದು. ಅಲ್ಲದೆ ಹಕ್ಕಿಗಳಿಗೂ ಆಗುವುದಿಲ್ಲ, ಹೊಲಗಳಲ್ಲಿ ಹಕ್ಕಿ ಓಡಿಸಲು ಈ ರಾಸಾಯನಿಕ ಸಿಂಪಡಿಸುವುದುಂಟು.

ಭಾವ ತಲೆ ಮೇಲಿನ ಬಲೆ ತೋರಿಸಿದರು. "ಹಾಗಾದ್ರೆ ಈ ಬಲೆಗೆ ಅಷ್ಟು ದುಡ್ಡು ಯಾಕೆ ಸುರಿದೆ ಮೇಷ್ಟ್ರೇ? ನಮ್ಮೂರ ಗಿಳಿಗಳು ಕೆಮಿಸ್ಟ್ರಿ ಓದಿಲ್ಲ." ಹಣ್ಣಿನಲ್ಲಿರುವ ಪ್ರಮಾಣ ಸಿಂಪಡಿಸುವ ಪ್ರಮಾಣಕ್ಕೆ ಹೋಲಿಸಿದರೆ ತೀರಾ ಸ್ವಲ್ಪ ಎಂದು ಮೇಷ್ಟ್ರು ಸಮಜಾಯಿಷಿ ಕೊಟ್ಟರು. ಭಾವ ಆಗಲೇ ಗೆದ್ದಾಗಿತ್ತು.

ಬೆಂಗಳೂರು ನೀಲಿಯನ್ನು ಇಸಾಬೆಲ್ಲಾ ಎಂಬ ತಳಿಯ ಬಳಗಕ್ಕೆ ಸೇರಿಸುತ್ತಾರೆ. ಆ ಇಸಾಬೆಲ್ಲಾದ ಚರಿತ್ರೆಯೇ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದಿಂದ ಯುರೋಪಿಗೆ ಹೋದ ಬಳ್ಳಿಗಳ ಬೇರಿನಲ್ಲಿ ಫಿಲಾಕ್ಸೆರಾ ಎಂಬ ಹೇನೂ ಹೋಯಿತು. 1860ರ ದಶಕದಿಂದ ಫ್ರಾನ್ಸಿನ ತೋಟಗಳನ್ನು ಅದು ಬುಡಸಮೇತ ತಿಂದಿತು. ಮದ್ದು ಸಿಕ್ಕಿದ್ದೂ ಅಮೆರಿಕದಲ್ಲೇ: ಅಲ್ಲಿನ ಬೇರಿಗೆ ಹೇನು ತಾಳಿಕೊಳ್ಳುವ ಶಕ್ತಿ ಇತ್ತು, ಆ ಬೇರಿನ ಮೇಲೆ ಯುರೋಪಿನ ಕಡ್ಡಿ ಕಸಿಮಾಡಿದರು. ಭಾವನ ಡಾಗ್‌ರಿಡ್ಜ್ ಕೂಡ ಅದೇ ಅಮೆರಿಕದ ಸಂತಾನ. ಹುಮಿಯಾದಂಥ ಕೆಲವು ಮರಳು ನೆಲಗಳಲ್ಲಿ ಮಾತ್ರ ಹೇನಿಗೆ ಹರಿದಾಡಲು ಆಗದೆ, ಕಸಿಯಿಲ್ಲದ ಹಳೆಯ ಬಳ್ಳಿಗಳು ಉಳಿದುಕೊಂಡವು. ಬೇರು ಬೇಕು, ಹಣ್ಣು ಬೇಡ ಎನ್ನುವುದು ಫ್ರಾನ್ಸಿನ ನಿಲುವು. 1930ರ ದಶಕದಲ್ಲಿ ಇಸಾಬೆಲ್ಲಾ ಸೇರಿ ಆರು ಅಮೆರಿಕನ್ ತಳಿಗಳನ್ನು ಅಲ್ಲಿ ನಿಷೇಧಿಸಿದರು. ಇಟಲಿಯಲ್ಲಿ ಇದರ ವೈನನ್ನು ಫ್ರಾಗೊಲಿನೊ ಎಂದು ಮನೆಮಟ್ಟಿಗೆ ಮಾಡಿಕೊಂಡು ಕುಡಿಯುತ್ತಾರೆ, ಅಂಗಡಿಯಲ್ಲಿ ವೈನ್ ಎಂದು ಮಾರುವಂತಿಲ್ಲ. ಬ್ರೆಜಿಲ್ಲಿನ ದಕ್ಷಿಣದಲ್ಲಿ ಮಾತ್ರ ಜನಸಾಮಾನ್ಯರ ನಿತ್ಯದ ವೈನ್ ಇವತ್ತಿಗೂ ಇಸಾಬೆಲ್ ದ್ರಾಕ್ಷಿಯದೇ.

ಹಾಗಾದರೆ ಬೆಂಗಳೂರು ನೀಲಿಯಿಂದ ಸಿಹಿಯಿಲ್ಲದ, ಸಾರಿಗೆ ಒಗ್ಗುವ ಕೆಂಪು ವೈನ್ ಯಾಕೆ ಮಾಡಬಾರದು? ನನ್ನ ಪ್ರಶ್ನೆ ಅದು. ಒಗರು ಕಡಿಮೆ, ಹುಳಿ ಇದೆ, ಸಕ್ಕರೆ ಹೆಚ್ಚಿಲ್ಲವಾದ್ದರಿಂದ ಆಲ್ಕೊಹಾಲೂ ಏರುವುದಿಲ್ಲ. ಶನಿವಾರ ರಾತ್ರಿಯ ಲೆಕ್ಕಾಚಾರಕ್ಕೆ ಎಲ್ಲವೂ ಹೊಂದುತ್ತದೆ. ಗೆಳೆಯ ಒಪ್ಪಲಿಲ್ಲ: ಸಿಹಿ ತೆಗೆದರೆ ಆ ವಾಸನೆ ಬೆತ್ತಲಾಗಿ ನಿಲ್ಲುತ್ತದೆ, ಶರಬತ್ತಿನ ಘಮ ಇಟ್ಟುಕೊಂಡು ಬಾಯಲ್ಲಿ ಹುಳಿಯಾದರೆ ಯಾರು ಕುಡಿಯುತ್ತಾರೆ ಎಂದ. ರಾಜ್ಯ 2007ರಲ್ಲಿ ವೈನ್ ನೀತಿ ತಂದು, ವೈನ್ ಬೋರ್ಡು ಮಾಡಿದ ಕಾಲದಿಂದಲೂ ಮಾತೆಲ್ಲ ಕ್ಯಾಬರ್ನೆ, ಶಿರಾಜಿನದೇ. ನೀಲಿಯ ಪಾಲಿಗೆ ಬಂದದ್ದು ಸಿಹಿ ಬಾಟಲಿ, ಜ್ಯೂಸು. ಭಾವನ ಚಿಂತೆ ಇನ್ನೂ ಸರಳ. ಬಾಟಲಿಗೆ ಕೆಜಿ, ಕೆಜಿಗಿಂತ ಸ್ವಲ್ಪ ಹೆಚ್ಚು ಹಣ್ಣು ಬೇಕು. ವೈನರಿಯವನು ಮಂಡಿಗಿಂತ ಹೆಚ್ಚು ಕೊಡುತ್ತಾನಾ? ಕೊಡುವುದಾದರೆ ಇಳುವರಿ ಕಿತ್ತು ಹಾಕು ಅನ್ನದೆ ಕೊಡುತ್ತಾನಾ?

ಮಧ್ಯಾಹ್ನಕ್ಕೆ ಮಟನ್. ಸಪೆರಾವಿಯನ್ನು ಇದಕ್ಕೆಂದೇ ಬಿಟ್ಟಿದ್ದೆವು, ಶನಿವಾರದ ಸುತ್ತಿನಲ್ಲಿ ಒಂದು ಗುಟುಕಷ್ಟೇ ನೋಡಿ ಮುಚ್ಚಿಟ್ಟಿದ್ದು. ಹೆಚ್ಚಿನ ಕೆಂಪು ವೈನುಗಳ ಬಣ್ಣ ಬರುವುದು ಸಿಪ್ಪೆಯಿಂದ, ತಿರುಳು ಬೆಳ್ಳಗೇ ಇರುತ್ತದೆ. ಸಪೆರಾವಿಯ ತಿರುಳೂ ಕೆಂಪು. ಗ್ಲಾಸಿನ ಆಚೆ ಹಿಡಿದ ಬೆರಳು ಕಾಣಲಿಲ್ಲ, ಅತ್ತೆಯ ಬಿಳಿ ಟವೆಲ್ಲಿನ ಮೇಲೆ ಬಿದ್ದ ತೊಟ್ಟು ಹೋಗಲೂ ಇಲ್ಲ. ಜಾರ್ಜಿಯಾದವರು ನೆಲದಲ್ಲಿ ಹೂತ ಕ್ವೆವ್ರಿ ಎಂಬ ಮಣ್ಣಿನ ಗುಡಾಣಗಳಲ್ಲಿ ವೈನ್ ಮಾಡುವ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಗುರುತು ಇರುವುದು 2017ರಲ್ಲಿ ಪ್ರಕಟವಾಯಿತು. ಇಷ್ಟು ಪುರಾತನರಾದರೂ ಅಂಗಡಿಯಲ್ಲಿ ಅವರ ಹೆಸರು ತೀರಾ ಹೊಸದು, ಏಕೆಂದರೆ ಮಾಲೆಲ್ಲ ರಷ್ಯಾಕ್ಕೇ ಹೋಗುತ್ತಿತ್ತು. 2006ರಲ್ಲಿ ರಷ್ಯಾ ಬಾಗಿಲು ಹಾಕಿತು, 2013ರವರೆಗೂ ತೆಗೆಯಲಿಲ್ಲ. ಬೇರೆ ಗಿರಾಕಿಗಳನ್ನು ಹುಡುಕಲೇಬೇಕಾದಾಗ ಮಾಲಿನ ಗುಣ ಏರಿತು. ನಮ್ಮ ಬಾಟಲಿ ಗುಡಾಣದ್ದಲ್ಲ, ಸ್ಟೀಲ್ ಟ್ಯಾಂಕಿನದು. ಅಗ್ಗದವು ಹೆಚ್ಚಾಗಿ ಹಾಗೇ.

ಹುಳಿ ಜೋರು, ಒಗರೂ ಜೋರು. ಹಿತಕಿದ ಬೇಳೆಯ ಜೊತೆ ಇದು ಜಗಳಕ್ಕೆ ನಿಲ್ಲುತ್ತಿತ್ತು. ಮಟನ್ನಿನ ಕೊಬ್ಬು, ಮೂಳೆಯ ರಸ ಸಿಕ್ಕಿದ್ದೇ ಒಗರು ತಣ್ಣಗಾಯಿತು. ಒಗರಿನ ಟ್ಯಾನಿನ್ ಬಾಯ ಜೊಲ್ಲಿನ ಪ್ರೋಟೀನಿಗೆ ಅಂಟುವ ಬದಲು ಮಾಂಸದ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದರು ಮೇಷ್ಟ್ರು. ಅಕ್ಕ ಖಾರವನ್ನು ಮೆಣಸಿನಕಾಯಿ ತಗ್ಗಿಸಿ ಕಾಳುಮೆಣಸಿನಲ್ಲಿ ಕೊಟ್ಟಿದ್ದಳು, ಅದೂ ಸಹಾಯಕ್ಕೆ ಬಂತು. ಬಾಟಲಿ ತಂದ ಮೈದುನನೂ ಊಟಕ್ಕೆ ಬಂದಿದ್ದರು. ಒಂದು ಗುಟುಕು ಕುಡಿದು, "ಬೀರುವಿನಲ್ಲೇ ಇಡಬಹುದಾಗಿತ್ತು" ಅಂದು ಮಜ್ಜಿಗೆ ಕೇಳಿದರು.

ಸೋಮವಾರ

ಹುಮಿಯಾದ ಅರ್ಧ ಬಾಟಲಿ ಉಳಿದಿತ್ತು. ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಂಪು ವೈನ್ ಎರಡು ಮೂರು ದಿನ ತಾಳುತ್ತದೆ. ಅದನ್ನು ಭಾವನಿಗೇ ಬಿಟ್ಟೆವು. ಖಾರವಿಲ್ಲದ ಹುರಿದ ಕಡಲೆಕಾಯಿಯ ಜೊತೆ ಅದು ಮತ್ತೆ ಭಾರಿ ವೈನೇ.

ಬರುವಾಗ ಚಿಕ್ಕಬಳ್ಳಾಪುರ ಪೇಟೆಯಲ್ಲಿ ಒಂದು ವೈನ್ಸಿನ ಮುಂದೆ ನಿಲ್ಲಿಸಿ, ಕೆಂಪು ವೈನ್ ಏನಿದೆ ಎಂದು ಕೇಳಿದೆ. ಬ್ರಾಂದಿ, ವಿಸ್ಕಿ, ಬಿಯರಿನ ಹಿಂದೆ ಮೇಲಿನ ಹಲಗೆಯಿಂದ ಎರಡು ಪೋರ್ಟು, ಒಂದು ಒಣ, ಅಂದರೆ ಸಿಹಿಯಿಲ್ಲದ, ಕೆಂಪು ಇಳಿಸಿದ. ಒಣದ್ದು ಯಾರೂ ಮುಟ್ಟದೆ, ಟ್ಯೂಬ್‌ಲೈಟಿನ ಕೆಳಗೆ ನೆಟ್ಟಗೆ ನಿಂತಿತ್ತು, ಭುಜದ ಮೇಲೆ ಧೂಳು. ಬಿಸುಪು, ಬೆಳಕು ಎರಡೂ ವೈನಿಗೆ ಶತ್ರು. ಎರಡೂ ಅದಕ್ಕೆ ಧಾರಾಳವಾಗಿ ಸಿಕ್ಕಿದ್ದವು. ಕೊಳ್ಳಲಿಲ್ಲ. ಪೋರ್ಟ್ ಯಾರು ತಗೊಳ್ತಾರೆ ಅಂದಿದ್ದಕ್ಕೆ, "ಬಾಣಂತಿಗೆ, ರಕ್ತಕ್ಕೆ ಒಳ್ಳೇದು ಅಂತ ತಗೊಂಡು ಹೋಗ್ತಾರೆ ಸಾರ್" ಅಂದ. ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಗೆಳೆಯ ಅವರನ್ನು ಗಾಡಿಗೆ ಹತ್ತಿಸಿದ. ದೇವನಹಳ್ಳಿವರೆಗೂ ಅದೇ ಪಾಠ: ವೈನಿನಲ್ಲಿ ರಕ್ತ ಹೆಚ್ಚಿಸುವಂಥದ್ದೇನೂ ಇಲ್ಲ, ಹಾಲೂಡುವ ತಾಯಿಗೆ ಆಲ್ಕೊಹಾಲು ಒಳ್ಳೆಯದೂ ಅಲ್ಲ.

ಮುಂದಿನ ಸಲಕ್ಕೆ ಗೆಳೆಯ ಫೋನಿನಲ್ಲಿ ಪಟ್ಟಿ ಬರೆದುಕೊಂಡ: ಸ್ಪೇನಿನ ಬಿಯರ್ಸೊ ಸೀಮೆಯ ಮೆನ್ಸಿಯಾ, ಅದು ದಾವ್‌ನ ಜಾಯೆನ್ ದ್ರಾಕ್ಷಿಯೇ, ಗ್ರೀಸಿನ ನೆಮೆಯಾದ ಅಗಿಯೋರ್ಗಿಟಿಕೊ. ಎರಡಕ್ಕೂ ಪಕ್ಕದಲ್ಲಿ 'ಶೇ 13.5 ದಾಟಕೂಡದು' ಎಂದು ಸೇರಿಸಿದ. ಭಾವ ಹೊರಡುವಾಗ ಹೇಳಿದ್ದು ಬೇರೆ. ಬೇಸಿಗೆಯ ಫಸಲಿನಲ್ಲಿ ನೀಲಿಯ ಎರಡು ಸಾಲು ಬಿಟ್ಟುಕೊಡ್ತೀನಿ, ನಿಮ್ಮ ಒಣ ವೈನ್ ಮಾಡಿ ತೋರಿಸಿ ಅಂತ. ಲೈಸೆನ್ಸ್ ಇಲ್ಲದೆ ಮಾಡೋ ಹಾಗಿಲ್ಲ ಭಾವ, ಅಬಕಾರಿಯವರು ಬರ್ತಾರೆ ಅಂದೆ.

"ಹಾಗಾದ್ರೆ ಲೈಸೆನ್ಸ್ ಇರೋನನ್ನ ಕರ್ಕೊಂಡು ಬಾ. ರೇಟು ಮೊದಲೇ ಮಾತಾಡ್ಕೊಂಡು ಬರಲಿ" ಅಂದರು.